ಹಾಲು ನೋಡು

ಮಲಪ್ರಭೆಯ ದಂಡೆಗೆ ಈರಯ್ಯಜ್ಜನ ಆಶ್ರಮವಿತ್ತು. ಆಶ್ರಮ ಅಂದರೆ ದೊಡ್ಡದೇನೂ ಅಲ್ಲ. ಮೂರು ಕೋಣೆ, ಎರಡು ಆಕಳು, ಹೊಗೆ ಹಿಡಿದ ಒಂದು ಅಡುಗೆಮನೆ.

ಕಲ್ಮೇಶ ಅಲ್ಲಿಗೆ ಬಂದು ಒಂಬತ್ತು ದಿನವಾಗಿತ್ತು. ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವನು. ರಜೆ ಹಾಕಿ, ಫೋನು ಆರಿಸಿ, ಬಸ್ಸು ಹತ್ತಿ ಬಂದವನೇ ಅಜ್ಜನ ಕಾಲಿಗೆ ಬಿದ್ದು ಶಿಷ್ಯನಾಗುತ್ತೇನೆ ಅಂದಿದ್ದ. ಅಜ್ಜ ಬೇಡ ಅನ್ನಲಿಲ್ಲ, ಹೂಂ ಅನ್ನಲೂ ಇಲ್ಲ. ಕೊಟ್ಟಿಗೆಯ ಸಗಣಿ ಬಾಚುವ ಕೆಲಸ ತೋರಿಸಿದರು.

ಕಲ್ಮೇಶನ ಅಂಗಿಯ ಜೇಬಿನಲ್ಲಿ ಅಂಟು ಹಾಕಿದ ಒಂದು ಲಕೋಟೆ ಇತ್ತು. ಸಗಣಿ ಬಾಚುವಾಗಲೂ ಊಟಕ್ಕೆ ಕೂತಾಗಲೂ ಅವನ ಕೈ ಅಲ್ಲಿಗೇ ಹೋಗುತ್ತಿತ್ತು. ಬೆವರಿಗೆ ಲಕೋಟೆಯ ಮೂಲೆ ಮೆತ್ತಗಾಗಿತ್ತು. ಅವನು ಮಾತ್ರ ಅದನ್ನು ಒಡೆದಿರಲಿಲ್ಲ.

ದಿನಾ ಒಂದೇ ಪ್ರಶ್ನೆ ಕೇಳುತ್ತಿದ್ದ.

"ಅಜ್ಜಾರ, ನೋಡೋರ ಇಲ್ಲಂದ್ರ ಜಗತ್ತು ಇರ್ತದೇನ್ರಿ?"

"ಆಕಳಿಗೆ ನೀರಿಟ್ಟಿ?" ಅನ್ನುತ್ತಿದ್ದರು ಅಜ್ಜ.

ಐದನೆಯ ದಿನ ಕಲ್ಮೇಶ ಪಟ್ಟು ಹಿಡಿದು ಕೂತ.

"ಹಂಗಲ್ರಿ ಅಜ್ಜಾರ. ಕಣ್ಣಿಗೆ ಕಾಣದಷ್ಟು ಸಣ್ಣ ಕಣ ಇರ್ತಾವ್ರಿ. ಅಳದು ನೋಡೋತನಕ ಕಣ ಇಲ್ಲೇ ಅದ ಅಂತ ಹೇಳಾಕ ಬರಂಗಿಲ್ಲ, ಅಲ್ಲೇ ಅದ ಅಂತ ಹೇಳಾಕೂ ಬರಂಗಿಲ್ಲ. ಎರಡೂ ಹೌದು ಅಂತ ಲೆಕ್ಕ. ನೋಡಿದ ಕೂಡ್ಲೆ ಯಾವುದೋ ಒಂದ ಆಗಿಬಿಡ್ತದ. ಅಂದಮ್ಯಾಲೆ ನೋಡೋದ ತಪ್ಪಲ್ಲೇನ್ರಿ?"

ಅಜ್ಜ ಅವನನ್ನೇ ಒಂದು ಗಳಿಗೆ ದಿಟ್ಟಿಸಿದರು.

"ಹುಲಿಗೆ ಹೆದರಿದವರನ್ನ ನೋಡೀನಿ, ಹಾವಿಗೆ ಹೆದರಿದವರನ್ನ ನೋಡೀನಿ. ಕಣಕ್ಕ ಇಷ್ಟು ಹೆದರಿದವನನ್ನ ಇವತ್ತ ನೋಡಿದೆ," ಅಂದು ಎದ್ದು ಹೋದರು.

ಹತ್ತನೆಯ ದಿನ ಬೆಳಿಗ್ಗೆ ಅಜ್ಜ ಒಲೆಯ ಮೇಲೆ ಹಾಲಿಟ್ಟು ಅವನನ್ನು ಕರೆದರು.

"ಹಾಲು ನೋಡು. ಹೊಳಿಗೆ ಹೋಗಿ ಬರ್ತೀನಿ."

ಕಲ್ಮೇಶ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತ. ಹಾಲು ಸುಮ್ಮನಿತ್ತು. ಕೈ ಜೇಬಿಗೆ ಹೋಯಿತು. ಒಡೆದು ಓದಿಬಿಡಲೇ? ಬೇಡ. ಓದದೆ ಇನ್ನೆಷ್ಟು ದಿನ? ಅವನು ಒಲೆಗೆ ಬೆನ್ನು ಮಾಡಿ, ಲಕೋಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದ. ಒಳಗಿನ ಅಕ್ಷರ ಎಲ್ಲಿ ಕಂಡುಬಿಡುತ್ತದೋ ಎಂದು ಹೆದರಿ ತಟ್ಟನೆ ಎದೆಗೊತ್ತಿಕೊಂಡ. ಮತ್ತೆ ಹಿಡಿದ. ಮತ್ತೆ ಒತ್ತಿಕೊಂಡ.

ಹಿಂದಿನಿಂದ ಚುಂಯ್ ಅಂದಿತು. ತಿರುಗುವಷ್ಟರಲ್ಲಿ ಅರ್ಧ ಹಾಲು ಒಲೆಯ ಪಾಲಾಗಿತ್ತು. ಸೀದ ವಾಸನೆ ಮನೆ ತುಂಬಿತು.

ಅಜ್ಜ ಒದ್ದೆ ಪಂಚೆಯಲ್ಲೇ ಬಾಗಿಲಿಗೆ ಬಂದು ನಿಂತರು.

"ಹಾಲು ನೋಡು ಅಂದಿದ್ದೆನಲ್ಲೋ."

"ತಪ್ಪಾತ್ರಿ ಅಜ್ಜಾರ. ನಾ ನೋಡ್ಲಿಲ್ಲ. ಆ ಕಡೆ ತಿರುಗಿ ಕೂತಿದ್ದೆ."

"ನೀ ತಿರುಗಿ ಕೂತದ್ದು ಹಾಲಿಗೆ ಗೊತ್ತಾಗಿಲ್ಲ ಕಾಣಸ್ತೈತಿ."

ಕಲ್ಮೇಶ ತಲೆ ತಗ್ಗಿಸಿದ. ಅಜ್ಜನ ಕಣ್ಣು ಅವನ ಕೈಯಲ್ಲಿದ್ದ ಲಕೋಟೆಯ ಮೇಲೆ ಬಿತ್ತು.

"ಏನದು?"

ಒಂಬತ್ತು ದಿನ ಮುಚ್ಚಿಟ್ಟಿದ್ದ ಮಾತು ಆಗ ಹೊರಬಂತು.

"ನನ್ನ ತಂಗಿ ನೀಲವ್ವಂದ್ರಿ. ಕೊರಳಾಗ ಒಂದು ಗಂಟಾಗಿತ್ತು. ದವಾಖಾನಿಗೆ ನಾನ ಕರಕೊಂಡು ಹೋಗಿದ್ದೆ. ಒಂದು ಚೂರು ತಗದು ಪರೀಕ್ಷೆಗೆ ಕಳಿಸಿದ್ರು. ರಿಪೋರ್ಟು ನನ್ನ ಕೈಯಾಗ ಕೊಟ್ರು, ಲಗೂನ ಬಂದು ಡಾಕ್ಟರಿಗೆ ತೋರಸ್ರಿ ಅಂದ್ರು. ನಾ... ಬಸ್‌ ಹತ್ತಿ ಇಲ್ಲಿಗೆ ಬಂದೆ."

"ಅಕಿಗೇನ ಹೇಳಿ ಬಂದಿ?"

"ರಿಪೋರ್ಟು ಇನ್ನೂ ಬಂದಿಲ್ಲ ಅಂದೆ."

ಅಜ್ಜ ಬಟ್ಟೆ ಹಿಡಿದು ಪಾತ್ರೆಯನ್ನು ಕೆಳಗಿಳಿಸಿದರು. ಅವರು ಬೈದಿದ್ದರೇ ವಾಸಿ ಅನಿಸಿತು ಕಲ್ಮೇಶನಿಗೆ.

"ಒಡಿಯೋತನಕ ಎರಡೂ ಅದಾವ್ರಿ ಅಜ್ಜಾರ," ಅಂದ ಅವನು. "ಅಕಿಗೆ ಏನೂ ಆಗಿಲ್ಲ ಅನ್ನೋದೂ ಅದರಾಗ ಅದ. ನಾ ಒಡದೆ ಅಂದ್ರ ಒಂದ ಉಳೀತದ. ಅದು ಕೆಟ್ಟದ್ದ ಉಳಿದ್ರ? ನಾನ ನೋಡಿ ಹಂಗ ಮಾಡಿದಂಗ ಆಗೂದಿಲ್ಲೇನ್ರಿ?"

"ಲಕೋಟೆ ಮ್ಯಾಲೆ ಯಾರ ಹೆಸರೈತಿ? ಓದು."

"ನೀಲವ್ವ ಹಿರೇಗೌಡರ."

"ನಿನ್ನ ಹೆಸರು?"

ಕಲ್ಮೇಶ ಲಕೋಟೆಯನ್ನು ಹಿಂದೆ ಮುಂದೆ ತಿರುಗಿಸಿದ. ಇರಲಿಲ್ಲ. ಇಲ್ಲ ಅನ್ನುವುದು ಅವನಿಗೂ ಗೊತ್ತಿತ್ತು.

"ಗಂಟು ಈಗೂ ಐತೇನು?"

"ಅದ್ರಿ."

"ನೀ ಬಂದ ಮ್ಯಾಲೆ ಬೆಳೆಯೋದು ಬಿಟ್ಟಿರ್ತೈತಿ ಅಂತೀಯೇನು?"

ಕಲ್ಮೇಶನ ಕಣ್ಣು ಒಲೆಯ ಕಡೆ ಹೋಯಿತು. ಬೂದಿಯಲ್ಲಿ ಹಾಲು ಇನ್ನೂ ಹೊಗೆಯಾಡುತ್ತಿತ್ತು.

"ಅಕೀ ಗಂಡ?"

"ತೀರಿಕೊಂಡು ಮೂರು ವರ್ಷಾತ್ರಿ. ಮಕ್ಕಳಿಲ್ಲ."

"ಮತ್ತ ಈಗ ಅಕೀನ್ನ ನೋಡೋರು ಯಾರು?"

"ನೋಡೋರು ಯಾರೂ ಇಲ್ರಿ," ಅಂದ ಕಲ್ಮೇಶ. ಅಂದವನು ಅಲ್ಲೇ ನಿಂತುಬಿಟ್ಟ. ಆಮೇಲೆ ಮೆಲ್ಲಗೆ, "ನಾನ ನೋಡಬೇಕ್ರಿ," ಅಂದ.

ಅಜ್ಜ ಮೂಲೆಯಲ್ಲಿದ್ದ ಅವನ ಚೀಲವನ್ನು ತಂದು ಹೊಸ್ತಿಲ ಹೊರಗಿಟ್ಟರು.

"ಹನ್ನೊಂದಕ್ಕ ಬಸ್ ಐತಿ."

ಕಲ್ಮೇಶ ಹೊಸ್ತಿಲವರೆಗೆ ಬಂದ. ಬಂದವನಿಗೆ ಕಾಲು ಏಳಲಿಲ್ಲ. ಹೆದರಿಕೆ ಅಷ್ಟು ಸುಲಭಕ್ಕೆ ಬಿಡುವಂಥದ್ದಲ್ಲ, ಕಡೇ ಗಳಿಗೆಯಲ್ಲೂ ಒಂದು ನೆಪ ಹುಡುಕಿ ಕೊಡುತ್ತದೆ.

"ನಾಳೆ ಹೋಗ್ತೀನ್ರಿ ಅಜ್ಜಾರ. ನಾ ಕೇಳಿದ್ದಕ್ಕ ನೀವು ಉತ್ತರಾನ ಕೊಡಲಿಲ್ಲ. ಅದೊಂದು ಹೇಳಿಬಿಡ್ರಿ. ನೋಡೋರ ಇಲ್ಲದ ಇರಾಕ ಆಗ್ತದೋ ಇಲ್ಲೋ?"

ಅಜ್ಜ ಉಳಿದ ಹಾಲನ್ನು ಮತ್ತೆ ಒಲೆಗಿಟ್ಟು, ಅದರ ಮುಂದೆ ಕೂತರು. ಕಣ್ಣು ಹಾಲಿನ ಮೇಲೇ ಇತ್ತು.

"ನನಗೇನ ಗೊತ್ತಪಾ. ಒಂಬತ್ತು ದಿನದಿಂದ ಹಂಗ ಇರೋ ಒಬ್ಬಾಕಿ ಅದಾಳ. ಹೋಗಿ ಅಕೀನ್ನ ಕೇಳು."