ಉಗ್ರಪ್ಪ ಕಿತ್ತ ಕಡೆಗೀಲು

“ನನ್ನ ರಾಜ್ಯದಲ್ಲಿ ದಾರಿಹೋಕರ ಗಾಡಿಯನ್ನು ಯಾರೂ ಸುಮ್ಮಸುಮ್ಮನೆ ತಡೆಯುವಂತಿಲ್ಲ!” ಎಂದು ಕೆಂಗೋಟೆಯ ದೊರೆ ರಣಭೈರವರಾಯ ಸಿಂಹಾಸನದ ತೋಳು ಗುದ್ದಿದ. “ಕಟ್ಟಳೆ ಬರೆದವನು ನಾನು. ಗಾಡಿಗೆ ಕೈ ಹಾಕುವವನು ಯಾರೇ ಆಗಲಿ, ಮೊದಲು ತನ್ನ ಹೆಸರು ಹೇಳಬೇಕು. ಆಮೇಲೆ ತಪ್ಪೇನೆಂದು ಹೇಳಬೇಕು. ಏನೇ ಆದರೂ ಕಡೆಗೀಲು ಕೀಳಕೂಡದು. ಇದನ್ನೆಲ್ಲ ಕೋಟೆ ಬಾಗಿಲ ಮೇಲೆ ಕೆತ್ತಿಸಿದ್ದೇನೆ!”

ಎದುರಿಗಿದ್ದ ಕುಂಬಾರರ ಬೋರಕ್ಕ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು.

“ಕೆತ್ತಿಸಿದ್ದೀರಿ ಬುದ್ಧಿ. ಆದ್ರೆ ಕಾವಲಿನ ಉಗ್ರಪ್ಪ ನನ್ನ ಗಾಡಿ ಕಡೆಗೀಲು ಕಿತ್ತು ಇಟ್ಕೊಂಡವ್ನೆ. ಅದಿಲ್ದೆ ಅಚ್ಚಿನಲ್ಲಿ ಚಕ್ರ ನಿಲ್ತದಾ? ಏನಪ್ಪಾ ನನ್ನ ತಪ್ಪು ಅಂದ್ರೆ, ‘ಕೇಳಿದ್ದೇ ತಪ್ಪು’ ಅಂತಾನೆ. ಗಾಡಿ ಹೋದ್ರೆ ನನ್ನ ಒಲೆ ಆರಿದಂಗೆ.”

“ಸುಳ್ಳು! ಕಲ್ಲಿನಲ್ಲಿ ಕೆತ್ತಿದ್ದನ್ನು ಮೀರುವ ಕಾವಲುಗಾರ ನನ್ನಲ್ಲಿಲ್ಲ. ಸುಳ್ಳು ದೂರು ತಂದದ್ದಕ್ಕೆ ನಿನ್ನ ಗಾಡಿ ಅರಮನೆಗೆ ಜಪ್ತಿ!”

ಆಗ ಆಸ್ಥಾನದ ವಿದೂಷಕ ಸೂರಪ್ಪಯ್ಯ ಕೆಮ್ಮಿದ. ಅವನು ಕೆಮ್ಮಿದರೆ ಏನೋ ಬಂತು ಎಂದು ಸಭೆಗೆಲ್ಲ ಗೊತ್ತು. ದೊರೆಗೂ ಗೊತ್ತು. ಆಗಲೇ ಹಣೆ ತಿಕ್ಕಿಕೊಂಡ.

“ಪ್ರಭು, ಆ ಕಟ್ಟಳೆ ಆನೆಯ ಮೇಲೆ ಆನೆ ನಿಂತರೂ ಎಟುಕದಷ್ಟು ಎತ್ತರದಲ್ಲಿದೆ. ಅದನ್ನು ಓದುವುದು ಪಾರಿವಾಳಗಳು ಮಾತ್ರ. ಅವುಗಳ ಅಭಿಪ್ರಾಯ ಕಲ್ಲಿನ ಮೇಲೆಲ್ಲ ಬೆಳ್ಳಗೆ ಬಿದ್ದಿದೆ.”

ಸಭೆ ಕಿಸಕ್ಕೆಂದಿತು. ದೊರೆಯ ಮುಖ ಕೆಂಪಾಯಿತು. “ಬಾಜಿ ಕಟ್ಟುತ್ತೀಯಾ?”

“ಕಟ್ಟುತ್ತೇನೆ. ತಾವು ಕಂಬಳಿ ಹೊದ್ದು ನನ್ನ ಗಾಡಿಯಲ್ಲಿ ಕೂರಬೇಕು. ಕೋಟೆ ಬಾಗಿಲು ದಾಟುವವರೆಗೆ ತುಟಿ ಬಿಚ್ಚಬಾರದು. ಬಿಚ್ಚದಿದ್ದರೆ ಬೋರಕ್ಕನ ಗಾಡಿ ತಮ್ಮದು, ನನ್ನ ಮೀಸೆಯೂ ತಮ್ಮದು. ಬಿಚ್ಚಿದರೆ ಅವಳ ಕಡೆಗೀಲನ್ನು ತಾವೇ ಕೈಯಾರೆ ಹಾಕಿಕೊಡಬೇಕು.”

“ಅಯ್ಯೋ ಸೂರಪ್ಪಯ್ಯಾ!” ಬೋರಕ್ಕ ಎದೆ ಹಿಡಿದುಕೊಂಡಳು. “ನಿಮ್ಮ ಮೀಸೆ ಮತ್ತೆ ಬೆಳೀತದೆ. ನನ್ನ ಗಾಡಿ ಬೆಳೀತದಾ?”

“ಬಾಯಿ ಮುಚ್ಚಿಕೊಂಡು ಕೂರುವುದು! ಅಷ್ಟೇನಾ?” ದೊರೆ ನಕ್ಕುಬಿಟ್ಟ.

ಸೂರಪ್ಪಯ್ಯನ ಗಾಡಿ ಕೋಟೆ ಬಾಗಿಲ ಕಡೆ ಹೊರಟಿತು. ಬೋರಕ್ಕ ನಡೆದೇ ಜೊತೆಗೆ ಬಂದಳು. ಹಿಂದೆ ಒಂದಷ್ಟು ಕುಂಬಳಕಾಯಿ. ಅವುಗಳ ನಡುವೆ, ಕಂಬಳಿ ಹೊದ್ದ ಇನ್ನೊಂದು ಕುಂಬಳಕಾಯಿಯಂತೆ ದೊರೆ.

“ನಿಲ್ಸೋ!”

ಗಾಡಿ ಪೂರ್ತಿ ನಿಲ್ಲುವ ಮೊದಲೇ ಉಗ್ರಪ್ಪನ ಕೈ ಚಕ್ರಕ್ಕೆ ಹೋಗಿತ್ತು. ಕಡೆಗೀಲು ಸರಕ್ಕನೆ ಹೊರಬಂತು. ಅವನ ಸೊಂಟದಲ್ಲಿ ಆಗಲೇ ಅಂಥವು ಸಾಲಾಗಿ ನೇತಾಡುತ್ತಿದ್ದವು. ಪಕ್ಕದಲ್ಲೇ ಬೋರಕ್ಕನ ಗಾಡಿ ಮಡಕೆ ಹೊತ್ತು ನಿಂತಿತ್ತು.

ಸೂರಪ್ಪಯ್ಯ ಕೈಮುಗಿದ. “ಅಣ್ಣಾ, ತಮ್ಮ ಹೆಸರು?”

“ಹೆಸರು ಕೇಳೋಕೆ ನೀನೇನು ಹೆಣ್ಣಿನ ಕಡೆಯವನಾ?”

“ಹೋಗಲಿ, ನನ್ನ ತಪ್ಪೇನು?”

“ತಪ್ಪು ಮಾಡಿದೋನು ನೀನು, ಹೇಳೋನು ನಾನಾ?”

“ಕಟ್ಟಳೆ ಏನಿದೆಯೋ ಅಂತ ಕೇಳಿದೆ.”

“ಕಟ್ಟಳೆ ಬೇಕಾ? ತಲೆ ಎತ್ತಿ ನೋಡು, ಮೇಲೈತೆ.”

“ನನಗೆ ಕಣ್ಣು ಮಂಜು ಅಣ್ಣಾ. ತಾವೇ ಓದಿ ಪುಣ್ಯ ಕಟ್ಟಿಕೊಳ್ಳಿ.”

ಉಗ್ರಪ್ಪನಿಗೆ ಅಕ್ಷರ ಬಾರದು. ಆದರೆ ಓದುವುದಕ್ಕೆ ಅದು ಅವನಿಗೆಂದೂ ಅಡ್ಡಿಯಾಗಿರಲಿಲ್ಲ. ಕತ್ತೆತ್ತಿ, ಕಣ್ಣು ಕಿರಿದು ಮಾಡಿ ಶುರುಹಚ್ಚಿಕೊಂಡ.

“ಬಿಳಿ ಎತ್ತನ್ನು ಎಡಕ್ಕೆ ಕಟ್ಟಕೂಡದು!”

ಕಂಬಳಿಯೊಳಗಿಂದ ಗುರ್ರ್ ಎಂದಿತು.

“ಕಾಲು ಇಳಿಬಿಟ್ಟುಕೊಂಡು ಗಾಡಿ ಹೊಡೆಯಕೂಡದು!”

ಕಂಬಳಿ ನಡುಗಿ ಒಂದು ಕುಂಬಳಕಾಯಿ ಉರುಳಿಬಿತ್ತು.

“ಅದ್ಯಾರು ಹಿಂದೆ?”

“ನಮ್ಮ ಭಾವ. ಇವತ್ತು ಮೌನವ್ರತ.”

“ಮೌನವ್ರತದೋರನ್ನ ಗಾಡೀಲಿ ಕೂರಿಸೋದೂ ತಪ್ಪು. ಅದೂ ಬರೆದೈತೆ, ಆ ಪಾರಿವಾಳದ ಹಿಂದೆ.”

“ಅಬ್ಬಬ್ಬಾ! ಇಷ್ಟೆಲ್ಲ ಯೋಚಿಸಿ ಬರೆದ ಪುಣ್ಯಾತ್ಮ ಯಾರಣ್ಣಾ?”

“ಇನ್ಯಾರು? ನಮ್ಮ ದೊರೆ! ‘ಕುಂಬಳಕಾಯಿ ತಂದೋನು ಎರಡು ಕಾಯಿ ಕಾವಲಿನೋನಿಗೆ ಇಳಿಸಿ ಹೋಗಬೇಕು’ ಅಂತ ಕೊನೇಲಿ ಬರೆದು ಅವರೇ ರುಜು ಹಾಕವ್ರೆ.”

“ನಾನು ಹಾಗೆ ಬರೆದಿಲ್ಲ ಕಣೋ!”

ಕಂಬಳಿ ಗಾಳಿಗೆ ಹಾರಿತು. ಕುಂಬಳಕಾಯಿಗಳ ಮೇಲೆ ರಣಭೈರವರಾಯ ಎದ್ದು ನಿಂತಿದ್ದ. “ಬರೆದವನು ನಾನು! ನಾನು ದೊರೆ!”

ಉಗ್ರಪ್ಪ ಕದಲಲಿಲ್ಲ. “ಓಹೋ! ಬೆಳಗಿನಿಂದ ನೀನು ಮೂರನೇ ದೊರೆ. ಮೊದಲಿನಿಬ್ಬರು ನಿನಗಿಂತ ಲಕ್ಷಣವಾಗಿದ್ರು. ನಡಿ ಬಂದೀಖಾನೆಗೆ!” ಎಂದು ರಟ್ಟೆ ಹಿಡಿದೆಳೆದ.

“ಸೂರಪ್ಪಯ್ಯಾ!”

“ಏನು ಭಾವ, ವ್ರತ ಮುಗೀತಾ?”

“ಮುಗೀತು! ಸೋತೆ! ಬಿಡಿಸಯ್ಯಾ ಮಾರಾಯ!”

ಸೂರಪ್ಪಯ್ಯ ದೊರೆಯ ಕೈ ಹಿಡಿದು, ಬೆರಳಿನ ರಾಜಮುದ್ರೆಯ ಉಂಗುರವನ್ನು ಉಗ್ರಪ್ಪನ ಮೂಗಿನ ಮುಂದೆ ಎತ್ತಿದ. ಉಗ್ರಪ್ಪನಿಗೆ ಅಕ್ಷರ ಬಾರದಿದ್ದರೂ ಅದನ್ನು ಓದಲು ಬಂತು. ಕೈಯಲ್ಲಿದ್ದ ಕಡೆಗೀಲು ಜಾರಿ ಅವನ ಕಾಲಿನ ಹೆಬ್ಬೆರಳ ಮೇಲೇ ಬಿತ್ತು. ನೋವಾದರೂ ಕೂಗಲು ಧೈರ್ಯ ಸಾಲಲಿಲ್ಲ.

“ಎಳೆದು ಒಳಗೆ ಹಾಕಿ ಇವನನ್ನು!” ಓಡಿಬಂದ ಉಳಿದ ಕಾವಲಿನವರಿಗೆ ದೊರೆ ಗುಡುಗಿದ.

“ಪ್ರಭು,” ಸೂರಪ್ಪಯ್ಯ ಕೆಮ್ಮಿದ, “ಮೊದಲು ತಪ್ಪೇನೆಂದು ಹೇಳಬೇಕು.”

ದೊರೆ ಹಲ್ಲು ಕಡಿದುಕೊಂಡು ಹೇಳಲು ನಿಂತ. ತಪ್ಪುಗಳು ಬಹಳವಿದ್ದವು. ಹೇಳಿ ಮುಗಿಯುವಷ್ಟರಲ್ಲಿ ಸಿಟ್ಟು ಅರ್ಧ ಇಳಿದಿತ್ತು. ಉಗ್ರಪ್ಪನ ಈಟಿ ಕಿತ್ತುಕೊಂಡರು. ಇನ್ನು ಮುಂದೆ ಅವನು ಬಾಗಿಲಲ್ಲಿ ನಿಂತು, ಬಂದ ಗಾಡಿಗೆಲ್ಲ ನಿಜವಾದ ಕಟ್ಟಳೆಯನ್ನು ಕೂಗಿ ಹೇಳಬೇಕು. ಕಲ್ಲನ್ನೂ ಕೆಳಗಿಳಿಸಿ ಎತ್ತಿನ ನೊಗದ ಎತ್ತರಕ್ಕೆ ಕೂರಿಸಬೇಕು ಎಂದು ಅಪ್ಪಣೆಯಾಯಿತು.

“ಪಾರಿವಾಳಗಳಿಗೆ ಬೇಜಾರಾಗುತ್ತೆ,” ಎಂದ ಸೂರಪ್ಪಯ್ಯ.

ದೊರೆ ಉಗ್ರಪ್ಪನ ಸೊಂಟದಿಂದ ಬೋರಕ್ಕನ ಕಡೆಗೀಲು ತೆಗೆದುಕೊಂಡು, ಪಂಚೆ ಎತ್ತಿಕಟ್ಟಿ ಅವಳ ಗಾಡಿಯ ಬಳಿ ಮಂಡಿಯೂರಿದ. ತಡೆದು ನಿಲ್ಲಿಸಿದ್ದ ಗಾಡಿಯವರೆಲ್ಲ ಕತ್ತು ಚಾಚಿದರು.

“ತಡೀರಿ ಬುದ್ಧಿ!” ಬೋರಕ್ಕ ಚಕ್ರಕ್ಕೆ ಅಡ್ಡ ಕೈ ಇಟ್ಟಳು.

“ಈಗೇನಮ್ಮಾ?”

“ಗಾಡಿಗೆ ಕೈ ಹಾಕೋರು ಯಾರೇ ಆಗಲಿ, ಮೊದಲು ಹೆಸರು ಹೇಳ್ಬೇಕು.”

ದೊರೆ ಕಡೆಗೀಲು ಹಿಡಿದೇ ತಲೆಯೆತ್ತಿದ. ಸೂರಪ್ಪಯ್ಯನ ಕಡೆ ನೋಡಿದ. ಸೂರಪ್ಪಯ್ಯ ಪಾರಿವಾಳಗಳನ್ನು ನೋಡುತ್ತಿದ್ದ. ದೊರೆಗೆ ನಗು ಎಲ್ಲಿಂದಲೋ ಉಕ್ಕಿ ಬಂತು. ಮಣ್ಣಿನಲ್ಲೇ ಕೂತು ಹೊಟ್ಟೆ ಹಿಡಿದು ನಕ್ಕ.

“ರಣಭೈರವರಾಯ ಕಣವ್ವ,” ಎಂದ ಕಣ್ಣೊರೆಸಿಕೊಳ್ಳುತ್ತ.

“ಸ್ವಲ್ಪ ಜೋರಾಗಿ ಹೇಳಿ ಬುದ್ಧಿ,” ಎಂದಳು ಬೋರಕ್ಕ. “ಹಿಂದಿನ ಗಾಡಿಯೋರಿಗೆ ಕೇಳಿಸಲಿಲ್ಲ.”