ಕುಂಬಾರ ಕೊಟ್ಟ ದೂರು

"ಬುದ್ಧಿ, ನಂಬಿದ ವಕೀಲನ ಮೇಲೆ ದೂರು ಕೊಡುವುದು ನ್ಯಾಯವೋ, ಹಗೆ ಸಾಧಿಸಿದಂತೆಯೋ?" ಎಂದು ಶಿವನಂಜಪ್ಪ ಮಠದ ಸ್ವಾಮಿಗಳನ್ನು ಕೇಳಿದ.

ಕೇಳಿದ್ದು ಒಂದೇ ಮಾತು, ಅದರ ಹಿಂದಿದ್ದದ್ದು ದೊಡ್ಡ ಗೋಜಲು. ಅವನ ಹಿಟ್ಟಿನ ಗಿರಣಿಯ ಜಾಗದ ವ್ಯಾಜ್ಯ ನಡೆಸುತ್ತಿದ್ದ ವಕೀಲ ರುದ್ರಾರಾಧ್ಯ, ಅವನನ್ನು ಒಂದು ಮಾತೂ ಕೇಳದೆ ಎದುರು ಪಕ್ಷದವರೊಡನೆ ರಾಜಿ ಮಾಡಿಕೊಂಡು ಜಾಗ ಬಿಟ್ಟುಕೊಟ್ಟಿದ್ದ. ದೂರು ಕೊಟ್ಟರೆ ರಾಜಿ ಮುರಿಯುವ ದಾರಿಯಾದರೂ ತೆರೆದೀತು, ಕೊಡದಿದ್ದರೆ ಗಿರಣಿ ಹೋದಂತೆಯೇ. ಕೊಡಿ ಎಂದಳು ಹೆಂಡತಿ. ದೊಡ್ಡವರ ಸಹವಾಸ ಬೇಡ ಎಂದ ಭಾವಮೈದ. ಶಿವನಂಜಪ್ಪನಿಗೆ ಬೆಳಿಗ್ಗೆ ಹೆಂಡತಿಯ ಮಾತು ಸರಿ ಎನಿಸುತ್ತಿತ್ತು, ಊಟವಾದ ಮೇಲೆ ಭಾವಮೈದನದು. ಇದನ್ನೆಲ್ಲ ಹೆಸರು ಹಿಡಿದೇ ಹೇಳಿ, ಸ್ವಾಮಿಗಳ ಮುಖ ನೋಡುತ್ತ ಕೂತ.

ಸ್ವಾಮಿಗಳು ಒಂದು ಕತೆ ಹೇಳಿದರು.

ಒಬ್ಬ ಕುಂಬಾರನಿದ್ದ. ಅವನು ಮಡಕೆ ಸುಡುವ ಆವಿಗೆಯ ಜಾಗ ತನ್ನದೆಂದು ಒಬ್ಬ ವರ್ತಕ ತಕರಾರು ತೆಗೆದ. ಕುಂಬಾರ ಒಬ್ಬ ವಕೀಲನನ್ನು ಹಿಡಿದ. ಓದು ಬಾರದವನು, ವಕೀಲ ಖಾಲಿ ಕಾಗದ ಮುಂದಿಟ್ಟಾಗಲೆಲ್ಲ ಹೆಬ್ಬೆಟ್ಟು ಒತ್ತುತ್ತಿದ್ದ. ಆ ಕೋರ್ಟಿನಲ್ಲಿ ಎಲ್ಲ ಕಕ್ಷಿದಾರರೂ ಹಾಗೇ ಮಾಡುತ್ತಿದ್ದರು. ಅಂಥದೇ ಒಂದು ಕಾಗದದ ಮೇಲೆ, ಜಾಗ ವರ್ತಕನಿಗೇ ಸಲ್ಲಲಿ ಎಂದು ವಕೀಲ ಬರೆದುಕೊಂಡ. ಆವಿಗೆ ಕೈಬಿಟ್ಟುಹೋಯಿತು.

ವಕೀಲರ ತಪ್ಪು ವಿಚಾರಿಸುವುದಕ್ಕೂ ಒಂದು ಪರಿಷತ್ತಿದೆ, ಅಲ್ಲಿಗೆ ಬರೆದುಕೊಡು ಎಂದು ಊರವರು ಹೇಳಿದರು. ಕುಂಬಾರ ಒಗೆದ ಅಂಗಿ ತೊಟ್ಟು, ನೆಟ್ಟಗೆ ಅದೇ ವಕೀಲನ ಮನೆಗೆ ಹೋದ.

"ಬುದ್ಧಿ, ನಿಮ್ಮ ಮೇಲೆ ದೂರು ಕೊಡಬೇಕಂತೆ. ಹೇಗೆ ಬರೆಯಬೇಕೋ ನನಗೆ ತಿಳಿಯದು. ನೀವೇ ಬರೆದುಕೊಟ್ಟರೆ ಉಪಕಾರ."

ವಕೀಲ ತಬ್ಬಿಬ್ಬಾದ. ಕೊನೆಗೆ, "ಆಗಲಿ, ಇಲ್ಲೊಂದು ಹೆಬ್ಬೆಟ್ಟು ಒತ್ತಿ ಹೋಗು" ಎಂದು ಖಾಲಿ ಕಾಗದ ಮುಂದಿಟ್ಟ. ಕುಂಬಾರ ಒತ್ತಿದ. ಹೊರಡುವಾಗ ಕೈಮುಗಿಯುವುದನ್ನೂ ಮರೆಯಲಿಲ್ಲ.

ಪರಿಷತ್ತಿನಿಂದ ಉತ್ತರ ಬಂತು. ನಿಮ್ಮ ವಕೀಲರನ್ನು ನೀವು ಇಷ್ಟು ಮೆಚ್ಚಿ ಬರೆದಿರುವುದು ಸಂತೋಷ, ಆದರೆ ಮೆಚ್ಚುಗೆಯನ್ನು ವಿಚಾರಣೆಗೆ ತೆಗೆದುಕೊಳ್ಳುವ ಪದ್ಧತಿ ನಮ್ಮಲ್ಲಿಲ್ಲ ಎಂದಿತ್ತು. ಓದಿ ಹೇಳಿದವರು ಹಣೆ ಚಚ್ಚಿಕೊಂಡರು. ಹೋಗಿ ಹೋಗಿ ಅವನನ್ನೇ ಕೇಳಿದೆಯಲ್ಲೋ ಎಂದು ಬೈದರು. ಅವರ ಸಿಟ್ಟು ಯಾಕೆಂದು ಕುಂಬಾರನಿಗೆ ತಿಳಿಯಲಿಲ್ಲ. ಕಾನೂನು ಬಲ್ಲವರೆಂದು ಅವನಿಗೆ ಪರಿಚಯವಿದ್ದದ್ದು ಆ ವಕೀಲನೊಬ್ಬನೇ.

ಶಿವನಂಜಪ್ಪನಿಗೆ ನಗು ತಡೆಯಲಾಗಲಿಲ್ಲ. ನಕ್ಕು ಮುಗಿಸಿದ ಮೇಲೆ ಮತ್ತೆ ಗಲಿಬಿಲಿ. ಇವರು ಕೊಡು ಎಂದರೋ, ಬೇಡ ಎಂದರೋ?

"ಆ ಕುಂಬಾರ ಶುದ್ಧ ಪೆದ್ದ, ಒಪ್ಪಿದೆ ಬುದ್ಧಿ. ನನ್ನದನ್ನು ಮಾತ್ರ ತಾವೇ ತೀರ್ಮಾನಿಸಿಬಿಡಿ. ತಾವು ಹೇಳಿದಂತೆ ನಡೆಯುತ್ತೇನೆ" ಎಂದ.

ಸ್ವಾಮಿಗಳು ಹೇಳಿದರು: "ಆ ರುದ್ರಾರಾಧ್ಯ ಪೂರ್ವಾಶ್ರಮದಲ್ಲಿ ನನ್ನ ಒಡಹುಟ್ಟಿದ ತಮ್ಮ ಕಣಪ್ಪ."