ಬಂಪರಿನ ನಿಂಬೆಹಣ್ಣು

ಘಾಟಿ ಇಳಿಯುವ ಮುಂಚೆ ಚಹಾಕ್ಕೆಂದು ನಿಲ್ಲಿಸಿದ್ದ ಲಾರಿಯ ಬಂಪರಿನಲ್ಲಿ ನೇತಾಡುತ್ತಿದ್ದ ನಿಂಬೆಹಣ್ಣಿಗೆ ಎದೆ ಡವಡವ ಎನ್ನುತ್ತಿತ್ತು.

ಮುಂದಿನ ಚಕ್ರದ ನಟ್ಟು ಕೂಗಿತು: “ನಿಂಬೆಯಕ್ಕಾ, ನಾವೆಲ್ಲ ಸಡಿಲವಾಗಿದ್ದೇವೆ! ದಿನಾ ಪೂಜೆ ಮಾಡಿಸಿಕೊಳ್ಳುವವಳು ನೀನು, ಚಕ್ರವನ್ನೂ ನೀನೇ ಹಿಡಿದುಕೋ.”

“ನನಗೆಲ್ಲಿದೆ ತಮ್ಮಾ ಕೈ? ಕೈಯಿರುವ ಮಹಾರಾಯನಿಗೆ ಸ್ಪ್ಯಾನರ್ ಹಿಡಿಯಲು ಸೋಮಾರಿತನ!”

ಡ್ರೈವರ್ ಗದಿಗೆಪ್ಪ ಬರುತ್ತಿದ್ದ. ಅವನನ್ನು ಚಕ್ರದ ಬಳಿ ಬಗ್ಗಿಸಲೇಬೇಕೆಂದು ನಿಂಬೆ ದಾರ ಹರಿದುಕೊಂಡು ಅಲ್ಲಿಗೆ ಉರುಳಿತು. ಅವನು ಬಗ್ಗಿದ. ನಟ್ಟು ಮೂಗಿನ ಮುಂದೆಯೇ ಇತ್ತು.

“ಅಯ್ಯೋ, ಅಪಶಕುನ!” ಎಂದವನೇ ನಿಂಬೆಯನ್ನು ಅಲ್ಲೇ ಬಿಟ್ಟು, ಹೊಸದೊಂದನ್ನು ಕಟ್ಟಿ, ಭಕ್ತಿಯಿಂದ ಕೈಮುಗಿದು ಲಾರಿ ಹೊರಡಿಸಿದ.

ನಟ್ಟು ಕಳಚಿ ನಿಂಬೆಯ ಪಕ್ಕಕ್ಕೆ ಬಿತ್ತು. ಎರಡೂ ಉಸಿರು ಬಿಗಿಹಿಡಿದು, ಇಳಿಜಾರಿನಲ್ಲಿ ಮರೆಯಾದ ಲಾರಿಯ ಸದ್ದಿಗೇ ಕಿವಿಗೊಟ್ಟು ಕುಳಿತವು.